ಸುಗಂಧಿ ಹೇಳಬೇಕಾಗಿದ್ದ ಮಾತು

ನಮ್ಮೂರಿನಲ್ಲಿ ಸಿನಿಮಾಕ್ಕೆ ಸ್ವರ ಬರುವುದಿಲ್ಲ. ರೇಡಿಯೋಕ್ಕೆ ಬರುತ್ತದೆ, ಫೋನಿಗೆ ಬರುತ್ತದೆ, ಮೀನು ಮಾರುವ ಹೆಂಗಸರಿಗಂತೂ ದೇವರು ಎರಡು ಪಾಲು ಕೊಟ್ಟಿದ್ದಾನೆ. ಆದರೆ ಪರದೆಯ ಮೇಲಿನ ಜನ ಬಾಯಿ ತೆರೆದರೆ ಏನೂ ಕೇಳಿಸುವುದಿಲ್ಲ. ಊರಿನವರು ಯಾರಾದರೂ ಪರದೆಯ ಕೆಳಗೆ ಕುಳಿತು ಆ ಮಾತನ್ನು ಆಡಬೇಕು. ಆಡಿದರೆ ಚಿತ್ರ ಮುಂದೆ ಹೋಗುತ್ತದೆ, ಆಡದಿದ್ದರೆ ತೆರೆದ ಬಾಯಿಯಲ್ಲೇ ನಿಲ್ಲುತ್ತದೆ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಕದಲುವುದಿಲ್ಲ. ಒಂದು ಮುಖಕ್ಕೆ ಮೊದಲು ಯಾರು ಸ್ವರ ಕೊಟ್ಟರೋ ಕೊನೆಯವರೆಗೂ ಅವರೇ ಕೊಡಬೇಕು. ಇಲ್ಲಿ ಅರ್ಧಕ್ಕೆ ನಿಂತ ಸಿನಿಮಾ ಆಮೇಲೆ ಬೇರೆ ಯಾವ ಊರಿನಲ್ಲೂ ಅಲ್ಲಿಂದ ಮುಂದೆ ಹೋಗುವುದಿಲ್ಲ. ಅಂಥದ್ದು ಒಂದೇ ಸಲ ಆಗಿದೆ. ಸ್ವರ ಕೊಡುತ್ತಿದ್ದ ಮನುಷ್ಯ ಯಾರದೋ ಮೇಲೆ ಸಿಟ್ಟು ಮಾಡಿಕೊಂಡು ನಡುವಿನಲ್ಲೇ ಎದ್ದು ದೋಣಿ ಹತ್ತಿ ಹೋದ, ಮತ್ತೆ ಬರಲಿಲ್ಲ. ಆ ಸಿನಿಮಾದ ಮುದುಕ ಇಂದಿಗೂ ಚಹಾದ ಲೋಟ ಎತ್ತಿ ಹಿಡಿದುಕೊಂಡೇ ಇದ್ದಾನಂತೆ. ಹೊರಗಿನವರಿಗೆ ಇದೆಲ್ಲ ದೊಡ್ಡ ಸೋಜಿಗ. ನಮಗೆ ಸೆಖೆಯ ಹಾಗೆ, ಇರುವಂಥದ್ದು. ಟಿವಿಯಲ್ಲಿ ಸಿನಿಮಾ ಬಂದರೆ ನಾವು ಬೇರೆ ಚಾನೆಲ್ ಹಾಕುತ್ತೇವೆ.

ಹಾಗಾಗಿ ದೊಡ್ಡ ಕಂಪನಿಯ ಸಿನಿಮಾಗಳು ಈ ಕಡೆ ತಲೆ ಹಾಕುವುದಿಲ್ಲ. ಅಷ್ಟೆಲ್ಲ ಖರ್ಚು ಮಾಡಿ ಹೀರೋನನ್ನು ತಂದವರಿಗೆ ಅವನ ಬಾಯಿಂದ ಕ್ಷೌರದಂಗಡಿಯ ಸಂಜೀವಣ್ಣನ ಸ್ವರ ಹೊರಟರೆ ಹೇಗೆ ಸರಿಹೋದೀತು? ಬರುವವರೆಲ್ಲ ಯಾರ ಹಂಗೂ ಇಲ್ಲದೆ ಸ್ವಂತ ಹುಚ್ಚಿನಿಂದ ಸಿನಿಮಾ ಮಾಡಿದವರು. ಅತ್ತೆಯ ಮನೆಯಲ್ಲಿ ಚಿತ್ರೀಕರಣ ಮಾಡಿ, ಅತ್ತೆಯನ್ನೇ ನಟಿ ಮಾಡಿ, ಗೆಳೆಯನ ಕೈಗೆ ಕ್ಯಾಮೆರಾ ಕೊಟ್ಟವರು. ಅವರಿಗಾಗಿ ವರ್ಷಕ್ಕೊಮ್ಮೆ, ಮಾಘ ಮಾಸದಲ್ಲಿ, ಐದು ದಿನ ನಮ್ಮಲ್ಲಿ ಚಿತ್ರೋತ್ಸವ. ಮೀನು ಒಣಗಿಸುವ ಬಯಲನ್ನು ಗುಡಿಸಿ, ಕಡಲಿಗೆ ಬೆನ್ನು ಮಾಡಿ ಪರದೆ ಕಟ್ಟುತ್ತೇವೆ. ಮೊದಲ ದಿನ ಬಂದ ನಿರ್ದೇಶಕರು ಮೂಗಿಗೆ ಕರವಸ್ತ್ರ ಹಿಡಿದುಕೊಂಡಿರುತ್ತಾರೆ. ಮೂರನೇ ದಿನಕ್ಕೆ ಹುರಿದ ಬಂಗುಡೆ ತಿನ್ನುತ್ತ, ತಮ್ಮ ನಾಯಕಿಗೆ ಸ್ವರ ಕೊಡುವ ಹೆಂಗಸನ್ನು ಹುಡುಕಿಕೊಂಡು ಅವಳ ಮನೆಯ ಜಗಲಿಗೆ ಬರುತ್ತಾರೆ.

ಯಾರ ಮುಖಕ್ಕೆ ಯಾರ ಸ್ವರ ಎಂದು ನಿಶ್ಚಯಿಸುವವರು ಪದ್ಮನಾಭ ಮಾಷ್ಟ್ರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು. ಅವರದ್ದೊಂದು ಕ್ರಮವಿದೆ. ಇಡೀ ಮಾತುಕತೆಯನ್ನು ಯಾರಿಗೂ ಕೊಡುವುದಿಲ್ಲ. ನಮ್ಮ ನಮ್ಮ ಮಾತನ್ನು ಮಾತ್ರ ಚೀಟಿಯಲ್ಲಿ ಬರೆದು ಕೊಡುತ್ತಾರೆ, ಪ್ರತಿ ಮಾತಿನ ಮುಂಚೆ ಎದುರಿನವರ ಕೊನೆಯ ಎರಡು ಶಬ್ದ. ಎಲ್ಲ ಗೊತ್ತಾದರೆ ಮಾತು ಹಳಸುತ್ತದೆ ಎಂಬುದು ಅವರ ವಾದ. ಉತ್ಸವಕ್ಕೆ ಎರಡು ವಾರ ಇರುವಾಗ ಊರಿನಲ್ಲಿ ನಡೆದು ಹೋದರೆ ಪ್ರತಿ ಮನೆಯಿಂದಲೂ ಅರ್ಧರ್ಧ ಜಗಳ, ಅರ್ಧರ್ಧ ಪ್ರೇಮ ಕೇಳಿಸುತ್ತದೆ. ದೋಸೆ ಹುಯ್ಯುತ್ತ ಒಬ್ಬಳು "ನನ್ನ ಮಗುವನ್ನು ಕೊಡು" ಎನ್ನುತ್ತಿರುತ್ತಾಳೆ. ಹೊಸ ಸೊಸೆಯಂದಿರು ಮೊದಲ ವರ್ಷ ಹೆದರುತ್ತಾರೆ, ಎರಡನೇ ವರ್ಷ ತಾವೂ ಚೀಟಿ ಕೇಳುತ್ತಾರೆ.

ನನ್ನ ಹೆಸರು ವಾರಿಜ. ಮೂವತ್ತು ವರ್ಷದಿಂದ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸು ಕೂಗುವವಳು. ಊರಿನವರಿಗೆ ನನ್ನ ಸ್ವರದ ಮೇಲೆ ಎಷ್ಟು ನಂಬಿಕೆಯೆಂದರೆ ಕಣ್ಣೆದುರು ಬಸ್ಸು ನಿಂತಿದ್ದರೂ ನಾನು ಕೂಗುವ ತನಕ ಹತ್ತುವುದಿಲ್ಲ. ಸುಗಂಧಿ ನನ್ನ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಬಾಲವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳ ಗಂಡ ಉಮಾನಾಥ ದೋಣಿಯ ಇಂಜಿನ್ ರಿಪೇರಿಯವನು, ಮಾತು ಕಮ್ಮಿ. ಅಪ್ಪನ ಮನೆಯ ನಡುವೆ ಒಂದು ಗೋಡೆ ಎಬ್ಬಿಸಿ ಈ ಕಡೆ ನಾನು, ಆ ಕಡೆ ಅವರು. ನನಗೆ ಮದುವೆಯಾಗಲಿಲ್ಲ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಹೇಳಬೇಕಾದದ್ದು ಬೇರೆ ಒಂದಿದೆ. ನನ್ನ ಸ್ವರ ದೊಡ್ಡದು, ಸ್ಪಷ್ಟ, ಬಸ್ಸಿಗೆ ಸಾಕು. ಸುಗಂಧಿಯದ್ದು ಹಾಗಲ್ಲ. ಅವಳು "ಊಟ ಆಯ್ತಾ" ಎಂದು ಕೇಳಿದರೆ ಹಸಿದವನಿಗೂ ಅರ್ಧ ಹೊಟ್ಟೆ ತುಂಬುತ್ತದೆ. ಅವಳಿಗೆ ಇಪ್ಪತ್ತೆರಡಾಗಿದ್ದಾಗ ನಗರದ ರೇಡಿಯೋ ಕೇಂದ್ರದಿಂದ ಸ್ವರ ಪರೀಕ್ಷೆಗೆ ಕರೆ ಬಂತು. ಹನ್ನೊಂದು ಗಂಟೆಗೆ ಅಲ್ಲಿರಬೇಕು. ಬೆಳಿಗ್ಗೆ ಆರೂ ನಲವತ್ತರ ಎಕ್ಸ್‌ಪ್ರೆಸ್ ಹಿಡಿದರೆ ಮಾತ್ರ ಆಗುವ ಕೆಲಸ. ಅಮ್ಮ ಆಗ ಹಾಸಿಗೆ ಹಿಡಿದಿದ್ದರು. ಇವಳು ಆಯ್ಕೆಯಾಗಿ ನಗರ ಸೇರಿದರೆ ಆ ಮನೆಯಲ್ಲಿ, ಆ ಔಷಧದ ವಾಸನೆಯಲ್ಲಿ ನಾನೊಬ್ಬಳೇ. ಅದೊಂದು ಹೆದರಿಕೆ. ಜೊತೆಗೆ ಹೊಟ್ಟೆಕಿಚ್ಚೂ ಇತ್ತು, ಈಗ ಸುಳ್ಳು ಯಾಕೆ ಹೇಳಲಿ. ಅವಳು ನೀಲಿ ಸೀರೆಯುಟ್ಟು ಮೂರನೇ ಬೆಂಚಿನಲ್ಲಿ ಕುಳಿತು ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ನಾನು ಮೈಕ್ ಒತ್ತಿ, "ಪ್ರಯಾಣಿಕರ ಗಮನಕ್ಕೆ, ಆರೂ ನಲವತ್ತರ ಎಕ್ಸ್‌ಪ್ರೆಸ್ ಇವತ್ತು ರದ್ದಾಗಿದೆ" ಎಂದೆ.

ಎಂಟ್ಹತ್ತು ಜನ ಎದ್ದು ಚೀಲ ಹೆಗಲಿಗೇರಿಸಿ ಹೊರಟರು. ಯಾರೂ ಒಂದು ಮಾತು ಕೇಳಲಿಲ್ಲ. ನಾನು ಹೇಳಿದ ಮೇಲೆ ಕೇಳುವುದೇನಿದೆ. ಸುಗಂಧಿ ನನ್ನ ಕಿಟಕಿಗೆ ಬಂದು, "ಹೋಗ್ಲಿ ಬಿಡಕ್ಕ, ನನ್ನ ಹಣೆಯಲ್ಲಿ ಇಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿ ಮನೆಗೆ ಹೋದಳು. ಐದು ನಿಮಿಷದಲ್ಲಿ ಎಕ್ಸ್‌ಪ್ರೆಸ್ ಬಂತು, ನಾನು ಕೂಗಲಿಲ್ಲ. ಡ್ರೈವರ್ ಹತ್ತು ನಿಮಿಷ ಕಾದು, ಈ ಊರಿಗೇನಾಯಿತು ಎಂದು ತಲೆ ಕೆರೆದುಕೊಂಡು, ಖಾಲಿ ಬಸ್ಸು ತೆಗೆದುಕೊಂಡು ಹೋದ. ಇದಾಗಿ ಇಪ್ಪತ್ತಾರು ವರ್ಷ. ಮರುವರ್ಷ ಅಮ್ಮ ತೀರಿಕೊಂಡರು, ಸುಗಂಧಿಗೆ ಮದುವೆಯಾಯಿತು, ರೇಡಿಯೋದವರು ಮತ್ತೆ ಕರೆಯಲಿಲ್ಲ. ಚಿತ್ರೋತ್ಸವದಲ್ಲಿ ಅವಳೇ ಎಲ್ಲ ನಾಯಕಿಯರ ಸ್ವರ. ಅಕ್ಕ-ತಂಗಿಯರ ಪಾತ್ರ ಬಂದರೆ ನಾವಿಬ್ಬರು. ಪ್ರತಿ ಸಲ ಅವಳ ಪಕ್ಕ ಕುಳಿತಾಗ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೇಳುವುದಕ್ಕೆ ಯಾವ ದಿನವೂ ಸರಿಯಾಗಿ ಒದಗಲಿಲ್ಲ.

ಈ ವರ್ಷ ಮಾಷ್ಟ್ರು ಕೊಟ್ಟ ಚೀಟಿಯನ್ನು ನಾನು ಎರಡೆರಡು ಸಲ ಓದಿದೆ. ಬಯಲುಸೀಮೆಯ ಶಿವಲೀಲಾ ಎಂಬ ಹುಡುಗಿ ಮಾಡಿದ ಸಿನಿಮಾ. ಹತ್ತಿ ಬೆಳೆಯುವ ಊರು, ಇಬ್ಬರು ಅಕ್ಕ-ತಂಗಿ. ತಂಗಿಯನ್ನು ಓದಿಸಲು ಕರೆದೊಯ್ಯಬೇಕೆಂದು ಯಾರೋ ಬಂದಾಗ ಅಕ್ಕ ಅವರಿಗೆ ಸುಳ್ಳು ಹೇಳಿರುತ್ತಾಳೆ. ವಯಸ್ಸಾದ ಮೇಲೆ ಅದನ್ನು ಒಪ್ಪಿಕೊಳ್ಳುತ್ತಾಳೆ. ನನ್ನ ಚೀಟಿಯ ಕೊನೆಯ ಮಾತು ಅವಳ ಸೀಮೆಯ ಭಾಷೆಯಲ್ಲೇ ಇತ್ತು: "ನೀ ಊರಾಗಿಲ್ಲ ಅಂತ ಹೇಳಿ ಕಳಿಸಿದಾಕಿ ನಾನ. ನೀ ಹೋದ್ರ ನಾನೊಬ್ಬಾಕಿ ಆಗ್ತೀನಿ ಅಂತ ಅಂಜಿದ್ನಿ."

ಇದಕ್ಕೆ ತಂಗಿ ಏನು ಹೇಳುತ್ತಾಳೆ ಎಂಬುದು ನನ್ನ ಚೀಟಿಯಲ್ಲಿ ಇರಬಾರದು, ಇರಲಿಲ್ಲ. ಆದರೆ ನಮ್ಮ ಗೋಡೆ ತೆಳುವು. ಸುಗಂಧಿ ಅವತ್ತು ಸಂಜೆಯೇ ಚಟ್ನಿಗೆ ತೆಂಗಿನಕಾಯಿ ತುರಿಯುತ್ತ ಶುರು ಮಾಡಿದಳು. "ಇನ್ನ ಮ್ಯಾಲ ನೀ ನಮ್ಮಕ್ಕ ಅಲ್ಲ." ಒಮ್ಮೆ ಸಿಟ್ಟಿನಲ್ಲಿ, ಒಮ್ಮೆ ಅಳುತ್ತ, ಒಮ್ಮೆ ಏನೂ ಇಲ್ಲದೆ ಸುಮ್ಮನೆ. ಆ ಭಾಷೆ ನಾಲಗೆಗೆ ಹೊಂದುವುದಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಎರಡು ವಾರ ನನಗೆ ಬೆಳಗಾದರೆ ಆ ಮಾತು, ಊಟಕ್ಕೆ ಕೂತರೆ ಆ ಮಾತು. ಒಂದು ದಿನ ಗೋಡೆಯಾಚೆಯಿಂದ ನನ್ನನ್ನೇ ಕೂಗಿ ಕೇಳಿದಳು, "ಅಕ್ಕ, 'ಅಲ್ಲ' ಅನ್ನುವಲ್ಲಿ ಇನ್ನೂ ಸ್ವಲ್ಪ ಒತ್ತು ಬೇಕಾ?"

"ಸಾಕು, ಚೆನ್ನಾಗುಂಟು," ಎಂದೆ.

ನಾನು ಮಾಷ್ಟ್ರ ಮನೆಗೆ ಹೋದೆ. ಗಂಟಲು ಕೆಟ್ಟಿದೆ, ಈ ಸಲ ಬೇರೆಯವರಿಗೆ ಕೊಡಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಬೆಳಿಗ್ಗೆ ಬಸ್ಸು ಕೂಗಿದ್ದು ಇಡೀ ಊರಿಗೆ ಕೇಳಿದೆ. ಗಂಟಲು ಯಾವಾಗ ಕೆಟ್ಟದ್ದು ವಾರಿಜ? ಅಕ್ಕ-ತಂಗಿಯ ಮುಖ ಬಂದ್ರೆ ನಿಮ್ಮಿಬ್ಬರನ್ನು ಬಿಟ್ಟು ಬೇರೆ ಯಾರ ಸ್ವರ ಹಾಕುದು? ಆ ಹುಡುಗಿ ನಾಲ್ಕು ವರ್ಷ ಕಷ್ಟಪಟ್ಟಿದ್ದಾಳೆ, ನಿಮ್ಮನ್ನೇ ನೆಚ್ಚಿಕೊಂಡು ಬರ್ತಿದ್ದಾಳೆ." ಅಲ್ಲಿಗೆ ಆ ದಾರಿ ಮುಚ್ಚಿತು.

ಇನ್ನುಳಿದದ್ದು ಮೊದಲೇ ಹೇಳಿಬಿಡುವ ದಾರಿ. ಅದನ್ನೂ ನೋಡಿದೆ. ಹಲಸಿನ ಕಾಯಿಯ ಪಲ್ಯ ಮಾಡಿ ಬಟ್ಟಲು ಹಿಡಿದು ಅವಳ ಅಡುಗೆಮನೆಗೆ ಹೋದೆ. ಅವಳು ಚೀಟಿ ಸೆರಗಿಗೆ ಸಿಕ್ಕಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಳು. "ಎಂತ ಅಕ್ಕ, ಮೋರೆ ಹಾಗೆ?" ಎಂದು ಕೇಳಿದಳು. ಉಪ್ಪು ಸರಿಯಾಗಿದೆಯೋ ನೋಡು ಎಂದು ಹೇಳಿ ವಾಪಸು ಬಂದೆ. ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದು ಪಲ್ಯದ ಜೊತೆ ಹೊರಗೆ ಬರುವುದಿಲ್ಲ ಎಂದು ಗೊತ್ತಾಯಿತು.

ಉತ್ಸವದ ಮೂರನೇ ದಿನ ಸಂಜೆ ನಮ್ಮ ಸಿನಿಮಾ. ಶಿವಲೀಲಾ ಅಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದಿದ್ದಳು. ಸಣ್ಣಗಿನ ಹುಡುಗಿ, ಉಗುರು ಕಚ್ಚುವ ಅಭ್ಯಾಸ. "ಅಕ್ಕಾರ, ಮಂದಿ ಮುಂದ ಇದ ಮೊದ್ಲನೇ ಸಲ ತೋರ್ಸಾಕತ್ತೀನ್ರಿ. ನಡುವ ನಿಂತ್ರ ನನ್ನ ಗತಿ ಮುಗೀತು ನೋಡ್ರಿ," ಎಂದಳು. ಸುಗಂಧಿ ಅವಳಿಗೆ ಶರಬತ್ತು ಕೊಟ್ಟು, "ನಾವಿರುವಾಗ ಎಂತಕ್ಕೆ ನಿಲ್ತದೆ? ನೀನು ಆರಾಮಾಗಿರು," ಎಂದಳು. ನಾನು ತಲೆಯಾಡಿಸಿದೆ.

ಸೂರ್ಯ ಮುಳುಗಿ ಬೆಳಕು ಆರಿದ ಮೇಲೆ ಶುರುವಾಯಿತು. ಬಯಲಿನ ತುಂಬ ಜನ, ಚಾಪೆ, ನೆಲಗಡಲೆಯ ಪೊಟ್ಟಣ. ಪರದೆಯ ಕೆಳಗೆ ಒಂದು ಉದ್ದನೆಯ ಬೆಂಚು, ಮುಂದೆ ಮೈಕು. ಪರದೆಯ ಮೇಲೆ ಏನಿದೆ ಎಂದು ನೋಡಿಕೊಳ್ಳಲು ನಮ್ಮೆದುರು ಒಂದು ಸಣ್ಣ ಟಿವಿ. ಮೊದಲ ಒಂದು ಗಂಟೆ ಸಲೀಸಾಗಿ ಹೋಯಿತು. ಸಂಜೀವಣ್ಣ ಗೌಡನಾಗಿ ಗುಡುಗಿದ. ಸುಗಂಧಿ ಆ ಸೀಮೆಯ ಮಾತನ್ನು ಎಷ್ಟು ಚೆಂದ ಆಡಿದಳೆಂದರೆ ಶಿವಲೀಲಾ ಮುಂದಿನ ಸಾಲಿನಲ್ಲಿ ಉಗುರು ಕಚ್ಚುವುದನ್ನೇ ಮರೆತಳು. ಆಮೇಲೆ ಅಕ್ಕ-ತಂಗಿ ಹತ್ತಿ ಹೊಲದ ಬದುವಿನ ಮೇಲೆ ಎದುರುಬದುರು ನಿಂತರು. ಅಕ್ಕ ಬಾಯಿ ತೆರೆದಳು. ನನ್ನ ಸರದಿ.

ನನ್ನ ಗಂಟಲಿನಿಂದ ಏನೂ ಹೊರಡಲಿಲ್ಲ.

ಚಿತ್ರ ನಿಂತಿತು. ಪರದೆಯ ತುಂಬ ಅಕ್ಕನ ಮುಖ, ತೆರೆದ ಬಾಯಿ. ನಮ್ಮೂರಿನಲ್ಲಿ ಚಿತ್ರ ನಿಂತರೆ ಯಾರೂ ಗಲಾಟೆ ಮಾಡುವುದಿಲ್ಲ, ಹೇಳಿಕೊಡುವುದೂ ಇಲ್ಲ. ಅದು ಮರ್ಯಾದೆ ಎಂದು ಲೆಕ್ಕ. ಜನ ನೆಲಗಡಲೆ ಸುಲಿಯುತ್ತ, ಬೇರೆ ಕಡೆ ನೋಡುತ್ತ ಕಾಯುತ್ತಾರೆ. ನೆಲಗಡಲೆಯ ಸಿಪ್ಪೆಯ ಸದ್ದು ನನಗೆ ಕೇಳಿಸುತ್ತಿತ್ತು. ಸುಗಂಧಿ ನನ್ನ ಕಡೆ ವಾಲಿ, "ಅಕ್ಕ, ಅಕ್ಷರ ಕಾಣುದಿಲ್ವಾ? ನನ್ನ ಕನ್ನಡಕ ಬೇಕಾ?" ಎಂದು ಮೆಲ್ಲಗೆ ಕೇಳಿದಳು.

ಅಕ್ಷರ ಕಾಣುತ್ತಿತ್ತು, ಅದೇ ತೊಂದರೆ. ಆ ಮಾತನ್ನು ಹೇಳುವುದು ಸುಲಭವಿತ್ತು. ಹೇಳಿದರೆ ಸಿನಿಮಾ ಎಂದು ಎಲ್ಲರೂ ನಂಬುತ್ತಿದ್ದರು, ಸುಗಂಧಿಯೂ. ನಾನು ನನ್ನ ತಪ್ಪನ್ನು ಅವಳ ಕಿವಿಯಲ್ಲೇ ಹೇಳಿ, ಅವಳಿಗೆ ಗೊತ್ತಾಗದ ಹಾಗೆ ಹಗುರಾಗಿ ಮನೆಗೆ ಹೋಗಬಹುದಿತ್ತು. ಅದು ಎರಡನೇ ಸುಳ್ಳು. ಮೊದಲನೆಯದನ್ನೇ ಹೊತ್ತು ಸಾಕಾಗಿತ್ತು. ನಾನು ಚೀಟಿ ಮಡಚಿದೆ.

"ಸುಗಂಧಿ, ಅವತ್ತು ಬಸ್ಸು ರದ್ದಾಗಿರ್ಲಿಲ್ಲ," ಎಂದೆ. "ನೀನು ರೇಡಿಯೋಕ್ಕೆ ಹೊರಟ ದಿವಸ. ಬಸ್ಸು ಬಂದಿತ್ತು. ನಾನೇ ಸುಳ್ಳು ಕೂಗಿದ್ದು. ನೀನು ಹೋಗ್ಬಾರದು ಅಂತ."

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು ಎಂಬುದು ನನಗೆ ಹೊಳೆದಿರಲಿಲ್ಲ. ಮೂವತ್ತು ವರ್ಷ ಮೈಕಿನ ಎದುರು ಕುಳಿತವಳಿಗೆ ಅದು ಕಾಣಿಸುವುದೇ ಇಲ್ಲ. ಮಾತು ಬಯಲಿನ ಆ ಕೊನೆಯವರೆಗೂ ಹೋಯಿತು. ನೆಲಗಡಲೆಯ ಸದ್ದು ನಿಂತಿತು. ಚೀಟಿಯ ಮಾತು ಅಲ್ಲವಾದ್ದರಿಂದ ಪರದೆಯ ಮೇಲಿನ ಅಕ್ಕ ಕದಲಲಿಲ್ಲ.

ಮೊದಲು ಮಾತಾಡಿದ್ದು ಸುಗಂಧಿ ಅಲ್ಲ, ನಡುವಿನ ಸಾಲಿನಲ್ಲಿದ್ದ ವೀಳ್ಯದೆಲೆಯ ಹುಸೇನಬ್ಬ. "ಯಾವ ಬಸ್ಸು? ಆರೂ ನಲವತ್ತರದ್ದಾ?" ಎಂದು ಎದ್ದು ನಿಂತ. "ನಾನೂ ಅವತ್ತು ಅದಕ್ಕೇ ಕಾದವನು. ಹುಡುಗಿ ನೋಡ್ಲಿಕ್ಕೆ ಹೊರಟದ್ದು. ಬಸ್ಸಿಲ್ಲ ಅಂತ ಮನೆಗೆ ಬಂದದ್ದಕ್ಕೆ ಆ ಸಂಬಂಧವೇ ತಪ್ಪಿ ಹೋಯ್ತು." ಪಕ್ಕದಲ್ಲಿದ್ದ ಅವನ ಹೆಂಡತಿ ಅವನ ಅಂಗಿ ಹಿಡಿದೆಳೆದು ಕೂರಿಸಿದಳು. "ತಪ್ಪಿ ಹೋದದ್ದಕ್ಕೆ ಈಗ ಎಂತ ನಷ್ಟ ಆಗಿದೆ ನಿಮಗೆ? ಬಾಯಿ ಮುಚ್ಚಿ ಕೂರಿ," ಎಂದಳು. ಜನ ನಕ್ಕರು. ನನಗೆ ನಗಲಾಗಲಿಲ್ಲ. ನಾನು ಸುಗಂಧಿಯ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಇರಲಿಲ್ಲ. ಅವಳು ಟಿವಿಯ ಕಡೆ ತಿರುಗಿ, "ಮೊದ್ಲು ನಿನ್ನ ಚೀಟಿ ಓದು. ಜನ ಕಾಯ್ತಿದ್ದಾರೆ," ಎಂದಳು.

ಓದಿದೆ. ಊರಾಗಿಲ್ಲ ಅಂತ ಹೇಳಿ ಕಳಿಸಿದಾಕಿ ನಾನ, ಅಂಜಿದ್ನಿ, ಎಲ್ಲವನ್ನೂ ಒಂದಕ್ಷರ ಬಿಡದೆ. ಪರದೆಯ ಅಕ್ಕ ಮಾತು ಮುಗಿಸಿ ತಲೆ ತಗ್ಗಿಸಿದಳು. ತಂಗಿಯ ಮುಖ ಬಂತು. ತಂಗಿ ಬಾಯಿ ತೆರೆದಳು.

ಎರಡು ವಾರ ಗೋಡೆಯಾಚೆಯಿಂದ ಕೇಳಿದ ಮಾತು. ಈಗ ಬರುತ್ತದೆ ಎಂದು ಕಣ್ಣು ಮುಚ್ಚಿ ಕುಳಿತೆ. ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಸುಗಂಧಿ ತುಟಿ ಬಿಗಿದು ಕುಳಿತಿದ್ದಳು. ಚಿತ್ರ ಎರಡನೇ ಸಲ ನಿಂತಿತು. ಈ ಸಲ ಬಹಳ ಹೊತ್ತು ನಿಂತಿತು. ಹಿಂದಿನ ಸಾಲಿನಲ್ಲಿ ಯಾರದೋ ಮಗು ಅತ್ತು ಮಲಗಿತು. ಶಿವಲೀಲಾ ಎದ್ದು ಬಂದು ನಮ್ಮ ಬೆಂಚಿನ ಹತ್ತಿರ ನಿಂತಳು. ಕಡೆಗೆ ಮಾಷ್ಟ್ರೇ ಬಂದು ಬಗ್ಗಿ, "ಸುಗಂಧಿ, ಹೇಳಮ್ಮ. ಇಲ್ಲದಿದ್ರೆ ಈ ಹುಡುಗಿಯ ಸಿನಿಮಾ ಇಲ್ಲಿಗೇ ಮುಗೀತು," ಎಂದರು.

"ನಂಗೆ ಗೊತ್ತುಂಟು ಮಾಷ್ಟ್ರೆ," ಎಂದಳು ಸುಗಂಧಿ. ಅವಳ ಸ್ವರ ಅಷ್ಟು ಒರಟಾದದ್ದನ್ನು ನಾನು ಕೇಳಿಯೇ ಇರಲಿಲ್ಲ. "ನಿನ್ನೆಯಾದ್ರೆ ಹೇಳ್ತಿದ್ದೆ. ನಿನ್ನೆ ಅದು ಸಿನಿಮಾದ ಮಾತು. ಈಗ ಹೇಳಿದ್ರೆ ನಾನೇ ಹೇಳಿದ ಹಾಗೆ ಆಗ್ತದಲ್ಲ."

ನಾನು, "ಹೇಳು ಸುಗಂಧಿ, ನನಗೆ ಅದು ಬೇಕಾದದ್ದೇ," ಎಂದೆ.

"ನೀನು ಸುಮ್ಮನೆ ಕೂತ್ಕೋ," ಎಂದು ಗದರಿದಳು. "ನಿಂಗೆ ಎಂತ ಬೇಕು ಅಂತ ಯಾರು ಕೇಳಿದ್ದು? ಅವತ್ತು ನಾನು ಆ ನೀಲಿ ಸೀರೆ ಬಿಚ್ಚಿ ಮಡಚಿಟ್ಟು, ಅಮ್ಮನಿಗೆ ಗಂಜಿ ಕುಡಿಸಿ, ನಿಂಗೆ ಬೇಸರ ಆಗ್ತದೆ ಅಂತ ಅಳ್ಲೂ ಇಲ್ಲ. ಈಗ ಇಷ್ಟು ಜನರ ಎದುರು ಹೇಳ್ತಿ." ಸೆರಗಿನಿಂದ ಮೂಗೊರೆಸಿಕೊಂಡಳು. ಶಿವಲೀಲಾಳನ್ನು ಒಮ್ಮೆ ನೋಡಿದಳು. ಆ ಹುಡುಗಿಯ ಕಣ್ಣು ತುಂಬಿತ್ತು. ಸುಗಂಧಿ ಮಕ್ಕಳ ಕಣ್ಣೀರು ನೋಡಿ ಕೂರುವವಳಲ್ಲ, ಅದೇ ಅವಳ ಕೆಲಸ.

"ಕೈ ಕೊಡು," ಎಂದಳು ನನಗೆ.

ನನಗೆ ಅರ್ಥವಾಗಲಿಲ್ಲ. ಅವಳೇ ನನ್ನ ಬಲಗೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಳು. ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತಿತು. ಹಾಗೆ ಹಿಡಿದುಕೊಂಡೇ ಮೈಕಿನ ಕಡೆ ಬಾಗಿದಳು. ನನ್ನ ಕಡೆ ನೋಡಲಿಲ್ಲ.

"ಇನ್ನ ಮ್ಯಾಲ ನೀ ನಮ್ಮಕ್ಕ ಅಲ್ಲ," ಎಂದಳು.

ಗೋಡೆಯಾಚೆ ಅಭ್ಯಾಸ ಮಾಡಿದ ಯಾವ ಬಗೆಯೂ ಅದರಲ್ಲಿ ಇರಲಿಲ್ಲ. ಸಿಟ್ಟು ಇತ್ತು, ನಿಜವಾದ ಸಿಟ್ಟು. ಪ್ರತಿ ಶಬ್ದಕ್ಕೂ ಹಿಡಿತ ಬಿಗಿಯಾಗುತ್ತ ಬಂತು, ಕೊನೆಯ ಶಬ್ದಕ್ಕೆ ನನ್ನ ಬೆರಳುಗಳು ಒಂದರ ಮೇಲೊಂದು ಹತ್ತಿದವು. ಚಿತ್ರ ಕದಲಿತು. ಬಯಲಿನ ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಶಿವಲೀಲಾ ಅಲ್ಲೇ ಮರಳಿನ ಮೇಲೆ ಕುಳಿತುಬಿಟ್ಟಳು. ಪರದೆಯ ಮೇಲೆ ತಂಗಿ ಅಕ್ಕನಿಗೆ ಬೆನ್ನು ಹಾಕಿ ಹತ್ತಿ ಹೊಲದ ನಡುವೆ ನಡೆಯತೊಡಗಿದಳು. ಅಲ್ಲಿಂದ ಮುಂದೆ ಮಾತಿಲ್ಲ. ಆರು ನಿಮಿಷ ಬರೀ ನಡಿಗೆ, ತಂಗಿ ಸಣ್ಣದಾಗುತ್ತ ಹೋಗುವುದು, ಅಷ್ಟೇ. ನಮ್ಮ ಕೆಲಸ ಮುಗಿದಿತ್ತು.

ನಾನು ಅತ್ತೆ. ದುಃಖದಿಂದ ಅಲ್ಲ. ಎದೆಯ ಭಾರ ಇಳಿದರೆ ಹೀಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಕಡಲ ಗಾಳಿ ಪೂರ್ತಿ ಒಳಗೆ ಹೋಗಿ ಪೂರ್ತಿ ಹೊರಗೆ ಬಂತು. ಒಣಮೀನಿನ ವಾಸನೆ ಕೂಡ ಹಿತವೆನಿಸಿತು. ಬೆರಳು ಮಾತ್ರ ಜೋಮು ಹಿಡಿಯುತ್ತಿತ್ತು.

"ಕೈ ಬಿಡು ಮಾರಾಯ್ತಿ, ನೋಯ್ತದೆ," ಎಂದೆ ಮೆಲ್ಲಗೆ.

"ನೋಯ್ಲಿ," ಎಂದಳು ಸುಗಂಧಿ. "ನಂಗೆ ಸಿಟ್ಟು ಇನ್ನೂ ಇಳೀಲಿಲ್ಲ."

ತಂಗಿ ಹೊಲದಾಚೆ ಕಾಣದಾದಳು, ಹೆಸರುಗಳು ಬಂದವು, ಬಯಲಿನ ದೀಪ ಹಾಕಿದರು, ಜನ ಚಾಪೆ ಸುತ್ತಿ ಎದ್ದರು. ಅವಳು ಕೈ ಬಿಡಲಿಲ್ಲ.